ಅಮಿಯೊಡರೋನ್ ಕೊಟ್ಟಿದ್ದರೆ ಅಪ್ಪ ಉಳಿಯುತ್ತಿದ್ದರೇ?

ಪ್ರಶ್ನೆ: ನಾವು ಶಿವಮೊಗ್ಗ ಜಿಲ್ಲೆಯ ಅಡಿಕೆ ಬೆಳೆಗಾರರು. ಕಳೆದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ 9.10ರ ಹೊತ್ತಿಗೆ ಅಪ್ಪ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ಒಂದು ಮಾತೂ ಆಡದೆ ಕುಸಿದರು. ವಯಸ್ಸು 61. ಬಿಪಿ ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಕಿಡ್ನಿಯ ತೊಂದರೆ ಇರಲಿಲ್ಲ. ತಮ್ಮ ಅವರನ್ನು ಜೀಪಿನ ಹಿಂಬದಿಯಲ್ಲಿ ಮಲಗಿಸಿಕೊಂಡು 24 ಕಿಲೋಮೀಟರ್ ದೂರದ ಆಸ್ಪತ್ರೆಗೆ ಓಡಿಸಿದ. 9.50ಕ್ಕೆ ತಲುಪಿದೆವು. ಅಲ್ಲಿ 10.30ರವರೆಗೆ ಎದೆ ಒತ್ತಿದರು, ಒಮ್ಮೆ ಶಾಕ್ ಕೊಟ್ಟರು. ಕೇಸ್ ಶೀಟಿನಲ್ಲಿ ಎಂಟು ಅಡ್ರಿನಾಲಿನ್, ಒಂದು ಸೋಡಿಯಂ ಬೈಕಾರ್ಬನೇಟ್ ಎಂದು ಬರೆದಿದೆ. ಅಪ್ಪ ಉಳಿಯಲಿಲ್ಲ. ಮಸ್ಕತ್‌ನಲ್ಲಿ ನರ್ಸ್ ಆಗಿರುವ ಚಿಕ್ಕಪ್ಪನ ಮಗಳು ಅದನ್ನು ನೋಡಿ, "ಶಾಕ್ ಕೊಟ್ಟ ಮೇಲೆ ಅಮಿಯೊಡರೋನ್ ಏಕೆ ಕೊಡಲಿಲ್ಲ? ಕ್ಯಾಲ್ಸಿಯಂ ಏಕೆ ಕೊಡಲಿಲ್ಲ? ವ್ಯಾಸೊಪ್ರೆಸಿನ್ ಇರಲಿಲ್ಲವೇ?" ಎಂದು ಕೇಳಿದಳು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಕ್ಕೆಂದು ಸರ್ಕಾರವೇ ಕೊಡುವ ದುಬಾರಿ ಇಂಜೆಕ್ಷನ್ ಇದೆಯಂತೆ, ಅದನ್ನೂ ಕೊಡಲಿಲ್ಲ ಎಂದು ಊರಿನವರು ಹೇಳುತ್ತಾರೆ. ತಮ್ಮ ಅಂದಿನಿಂದ ಯಾರ ಜೊತೆಯೂ ಸರಿಯಾಗಿ ಮಾತನಾಡುತ್ತಿಲ್ಲ. ದೊಡ್ಡ ಆಸ್ಪತ್ರೆಗೇ ಹೋಗಬೇಕಿತ್ತು ಎನ್ನುತ್ತಾನೆ. ಒಳ್ಳೆಯ ಔಷಧ ಸಿಕ್ಕಿದ್ದರೆ ಅಪ್ಪ ಉಳಿಯುತ್ತಿದ್ದರೇ? ಅಮ್ಮನಿಗೂ ಎದೆನೋವು ಬರುತ್ತದೆ. ಅಡ್ರಿನಾಲಿನ್ ಇಂಜೆಕ್ಷನನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ಉತ್ತರ: ನೀವು ಕಳಿಸಿದ ಕೇಸ್ ಶೀಟಿನ ಫೋಟೊವನ್ನು ಮೊದಲ ಸಾಲಿನಿಂದ ಕೊನೆಯ ಸಹಿಯವರೆಗೆ ಓದಿದ್ದೇನೆ. ಸುತ್ತಿ ಬಳಸುವುದು ಬೇಡ. ಇಲ್ಲ, ಅಮಿಯೊಡರೋನ್ ಕೊಡದಿದ್ದುದರಿಂದ ನಿಮ್ಮ ತಂದೆ ತೀರಿಕೊಂಡಿಲ್ಲ. ಆ ಔಷಧ ಕೊಡಬೇಕಾದ ಗಳಿಗೆಯೇ ಅಂದು ಬರಲಿಲ್ಲ. ಆ ಡ್ಯೂಟಿ ಡಾಕ್ಟರ ಜಾಗದಲ್ಲಿ ನಾನಿದ್ದಿದ್ದರೆ ಬೈಕಾರ್ಬನೇಟ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವರು ಮಾಡಿದಂತೆಯೇ ಮಾಡುತ್ತಿದ್ದೆ. ಅರಿವಳಿಕೆ ತಜ್ಞನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇಂಥ ಮಂಚಗಳ ಪಕ್ಕದಲ್ಲಿ ನಿಂತಿದ್ದೇನೆ. ನಿಂತ ಹೃದಯವನ್ನು ಮತ್ತೆ ನಡೆಸುವ ಔಷಧಗಳ ಬಗ್ಗೆ ಹೊರಗಿನವರಿಗೆ ಇರುವ ನಂಬಿಕೆಗೂ ನಮಗೆ ನಿಜವಾಗಿ ತಿಳಿದಿರುವುದಕ್ಕೂ ಬಹಳ ಅಂತರವಿದೆ. ನಿಮ್ಮ ಮನೆಯ ನೋವು ಆ ಅಂತರದಲ್ಲಿಯೇ ಸಿಕ್ಕಿಕೊಂಡಿದೆ ಎಂದು ನನಗೆ ಅನ್ನಿಸುತ್ತದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಕೇಸ್ ಶೀಟನ್ನೇ ನೋಡೋಣ. 9.52ಕ್ಕೆ ಮಾನಿಟರ್ ಹಚ್ಚಿದಾಗ ಕಂಡದ್ದು "ಅಸಿಸ್ಟೋಲ್", ಅಂದರೆ ನೇರ ಗೆರೆ. ಹೃದಯ ನಿಲ್ಲುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹೃದಯದ ವಿದ್ಯುತ್ತು ಸತ್ತಿರುವುದಿಲ್ಲ, ಲಯ ತಪ್ಪಿರುತ್ತದೆ. ಗಾಳಿಗೆ ಅರಳಿ ಎಲೆ ಅದುರುವಂತೆ ಹೃದಯ ಸುಮ್ಮನೆ ಅದುರುತ್ತದೆ, ರಕ್ತ ಮಾತ್ರ ಒಂದು ಹನಿಯೂ ಮುಂದೆ ಹೋಗುವುದಿಲ್ಲ. ನಾವು ಅದನ್ನು ವಿಎಫ್ ಎನ್ನುತ್ತೇವೆ. ಶಾಕ್ ಕೆಲಸ ಮಾಡುವುದು ಇದಕ್ಕೆ. ಇನ್ನೊಂದರಲ್ಲಿ ಅದುರಾಟವೂ ನಿಂತು ಗೆರೆ ನೇರವಾಗಿರುತ್ತದೆ, ಅಥವಾ ಗೆರೆಯಲ್ಲಿ ಏನೋ ಚಲನೆ ಇದ್ದರೂ ನಾಡಿ ಸಿಗುವುದಿಲ್ಲ. ಸಿನಿಮಾಗಳಲ್ಲಿ ನೇರ ಗೆರೆಗೆ ಶಾಕ್ ಕೊಟ್ಟು ಬದುಕಿಸುವುದನ್ನು ಎಲ್ಲರೂ ನೋಡಿದ್ದಾರೆ. ಅದು ಸುಳ್ಳು. ನೇರ ಗೆರೆಗೆ ಶಾಕ್ ಉಪಯೋಗವಿಲ್ಲ.

ಅಮಿಯೊಡರೋನ್ ಮೊದಲ ಬಗೆಯ ಔಷಧ. ಅದೂ ಮೊದಲ ಶಾಕಿಗಲ್ಲ. ಮೂರು ಶಾಕ್ ಕೊಟ್ಟ ಮೇಲೂ ಹೃದಯ ಅದುರುತ್ತಲೇ ಇದ್ದರೆ 300 ಮಿಲಿಗ್ರಾಂ, ಆಮೇಲೂ ನಿಲ್ಲದಿದ್ದರೆ 150 ಮಿಲಿಗ್ರಾಂ. ನಿಮ್ಮ ತಂದೆಯ ಶೀಟಿನಲ್ಲಿ 10.12ಕ್ಕೆ "ವಿಎಫ್, ಶಾಕ್ 200 ಜೂಲ್" ಎಂದಿದೆ. ಅದರ ಕೆಳಗೆ 10.14ಕ್ಕೆ ಮತ್ತೆ "ಅಸಿಸ್ಟೋಲ್" ಎಂದಿದೆ. ಐದು ಅಡ್ರಿನಾಲಿನ್ ಹೋದ ಮೇಲೆ ಆ ಹೃದಯ ಎರಡು ನಿಮಿಷದ ಮಟ್ಟಿಗೆ ಅದುರಿತು. ಅವರು ಸರಿಯಾಗಿ ಗುರುತಿಸಿದರು, ಶಾಕ್ ಕೊಟ್ಟರು, ಗೆರೆ ಮತ್ತೆ ನೇರವಾಯಿತು. ಆ ಗೆರೆಗೆ ಅಮಿಯೊಡರೋನ್ ಕೊಡುವಂತಿಲ್ಲ. ಲಯ ತಪ್ಪಿದ್ದನ್ನು ಹತೋಟಿಗೆ ತರುವ ಔಷಧ ಅದು. ಲಯವೇ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ನಿಮ್ಮ ಚಿಕ್ಕಪ್ಪನ ಮಗಳು ಕೇಳಿದ ಪ್ರಶ್ನೆ ತಪ್ಪಲ್ಲ, ಒಳ್ಳೆಯ ನರ್ಸ್ ಕೇಳುವ ಪ್ರಶ್ನೆಯೇ. ಆ ಎರಡು ನಿಮಿಷದ ಸಾಲು ಫೋಟೊದಲ್ಲಿ ಅವಳ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಮೂರು ಶಾಕ್ ಆಗಿ ವಿಎಫ್ ಉಳಿದೇ ಇತ್ತು ಎಂದುಕೊಂಡರೂ ಅಮಿಯೊಡರೋನ್ ಎಷ್ಟು ಲಾಭ ಕೊಡುತ್ತಿತ್ತು? ಇದಕ್ಕೆ ನಮ್ಮ ಬಳಿ ಒಳ್ಳೆಯ ಲೆಕ್ಕವಿದೆ. ಅಮೆರಿಕ ಮತ್ತು ಕೆನಡಾದಲ್ಲಿ ಶಾಕಿಗೆ ಜಗ್ಗದ ವಿಎಫ್ ಇದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಮಿಯೊಡರೋನ್, ಒಂದಕ್ಕೆ ಲಿಗ್ನೋಕೇನ್, ಒಂದಕ್ಕೆ ಬರೀ ಸಲೈನ್. ಬದುಕಿ ಮನೆಗೆ ಹೋದವರು ಕ್ರಮವಾಗಿ ನೂರಕ್ಕೆ 24.4, 23.7 ಮತ್ತು 21. ಸಂಖ್ಯಾಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು. ಕುಸಿದದ್ದನ್ನು ಕಣ್ಣಾರೆ ಕಂಡವರಿದ್ದ ರೋಗಿಗಳಲ್ಲಿ ಮಾತ್ರ ಎರಡೂ ಔಷಧಗಳಿಂದ ನೂರಕ್ಕೆ ಐದರಷ್ಟು ಲಾಭ ಸ್ಪಷ್ಟವಾಗಿ ಕಂಡಿತು. ಔಷಧ ಬೇಗ ಹೋದಷ್ಟೂ ಒಳ್ಳೆಯದು ಎಂಬುದಷ್ಟೇ ಇದರಿಂದ ತಿಳಿಯುವುದು. ಲಿಗ್ನೋಕೇನ್ ಎಂದರೆ ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಔಷಧ, ಹೃದಯಕ್ಕೆ ಕೊಡುವ ರೂಪದಲ್ಲಿ. ಅಮಿಯೊಡರೋನ್ ರಕ್ತದೊತ್ತಡವನ್ನು ಇಳಿಸುತ್ತದೆ, ಲಿಗ್ನೋಕೇನ್ ಹೆಚ್ಚಾದರೆ ಫಿಟ್ಸ್ ಬರಬಹುದು. ಈ ಎರಡರಲ್ಲಿ ಯಾವುದು ಕೈಗೆ ಸಿಕ್ಕರೂ ನಡೆದೀತು ಎನ್ನುವುದೇ ಇಂದಿನ ಮಾರ್ಗಸೂಚಿಗಳ ಮಾತು. ನನ್ನ ಅನುಭವವೂ ಅದೇ. ಲಿಗ್ನೋಕೇನ್ ಮಾತ್ರ ಇರುವ ಸಣ್ಣ ಆಸ್ಪತ್ರೆಯವರು ತಮ್ಮನ್ನು ಕೀಳೆಂದು ಭಾವಿಸಬೇಕಿಲ್ಲ.

ಇನ್ನು ಅಡ್ರಿನಾಲಿನ್. ಕೊಟ್ಟದ್ದು "ಬರೀ ಅಡ್ರಿನಾಲಿನ್" ಎಂದು ನಿಮಗೆ ಅನ್ನಿಸಿರಬಹುದು. ಹೋಟೆಲಿನ ಮಸಾಲೆ ದೋಸೆಗಿಂತ ಅಗ್ಗದ ಆಂಪೂಲ್ ಅದು, ನಿಜ. 1901ರ ಹೊತ್ತಿಗೆ ಜಪಾನಿನ ರಸಾಯನ ವಿಜ್ಞಾನಿ ಜೋಕಿಚಿ ತಾಕಮಿನೆ ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ವೈದ್ಯರು ಹೃದಯ ನಿಂತ ನಾಯಿಗಳ ಮೇಲೆ ಪ್ರಯೋಗಿಸಿ ಫಲ ಕಂಡರು. 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್ ಮತ್ತು ಸಂಗಡಿಗರು ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು ತೋರಿಸಿದ ಮೇಲೆ, ಒತ್ತುವ ಕೈಯ ಜೊತೆ ಈ ಔಷಧವೂ ಸೇರಿಕೊಂಡಿತು. ಅಂದಿನಿಂದ ಇಂದಿನವರೆಗೆ ಜಗತ್ತಿನ ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಹೃದಯ ನಿಂತಾಗ ಮೊದಲು ಕೈಗೆತ್ತಿಕೊಳ್ಳುವ ಔಷಧ ಅದೇ. ಮಸ್ಕತ್‌ನಲ್ಲಿಯೂ ಅದೇ, ಬೆಂಗಳೂರಿನಲ್ಲಿಯೂ ಅದೇ. ನೇರ ಗೆರೆಗಂತೂ ಬೇರೆ ಔಷಧವೇ ಇಲ್ಲ.

ಅದು ಏನು ಮಾಡುತ್ತದೆ? ನೀವು ಅಡಿಕೆ ತೋಟದವರು, ನಿಮಗೆ ಬೇಗ ತಿಳಿಯುತ್ತದೆ. ಗುಡ್ಡದ ಕೊನೆಯ ಸಾಲಿಗೆ ನೀರು ಏರದಿದ್ದಾಗ ಉಳಿದ ಸಾಲುಗಳ ಗೇಟ್‌ವಾಲ್ವ್ ಮುಚ್ಚುತ್ತೀರಲ್ಲವೇ? ಅಡ್ರಿನಾಲಿನ್ ಕೈಕಾಲು, ಚರ್ಮ, ಹೊಟ್ಟೆಯ ರಕ್ತನಾಳಗಳನ್ನು ಹಾಗೆ ಬಿಗಿ ಮಾಡುತ್ತದೆ. ಆಗ ಮಹಾಧಮನಿಯಲ್ಲಿ ಒತ್ತಡ ಏರಿ, ಹೃದಯದ ಸ್ವಂತ ನಾಳಗಳಿಗೆ ಸ್ವಲ್ಪ ರಕ್ತ ನುಗ್ಗುತ್ತದೆ. ಹೃದಯದ ಸ್ನಾಯುವಿಗೆ ಹೀಗೆ ತುಸುವಾದರೂ ರಕ್ತ ಸಿಗದೆ ಅದು ಮತ್ತೆ ಮಿಡಿಯುವುದಿಲ್ಲ. ಆದರೆ ಪಂಪ್‌ಸೆಟ್ಟೇ ಓಡದಿದ್ದರೆ ಎಷ್ಟು ವಾಲ್ವ್ ಮುಚ್ಚಿ ಏನು? ಇಲ್ಲಿ ಪಂಪ್‌ಸೆಟ್ ಎಂದರೆ ಎದೆ ಒತ್ತುತ್ತಿರುವವರ ಎರಡು ಕೈಗಳು. ಕೈ ನಿಂತರೆ ಔಷಧ ಚುಚ್ಚಿದ ಜಾಗದಲ್ಲೇ ನಿಲ್ಲುತ್ತದೆ.

ನೀವು ಪರದೆಯ ಆಚೆ ನಿಂತಿದ್ದಿರಿ. ಒಳಗೆ ಏನು ನಡೆಯುತ್ತದೆ ಎಂದು ಹೇಳುತ್ತೇನೆ, ತಿಳಿದರೆ ನಿಮಗೆ ಸಮಾಧಾನವಾದೀತು. ಒಬ್ಬರು ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಹತ್ತಿ, ಮೊಣಕೈ ಮಡಚದೆ ಎದೆಯ ನಡುವೆ ಒತ್ತುತ್ತಾರೆ. ಎರಡು ನಿಮಿಷಕ್ಕೆ ಬೆವರು ಮೂಗಿನ ತುದಿಯಿಂದ ರೋಗಿಯ ಎದೆಯ ಮೇಲೆ ತೊಟ್ಟಿಕ್ಕುತ್ತದೆ. ಇನ್ನೊಬ್ಬರು ಜಾಗ ಬದಲಿಸಿಕೊಳ್ಳುತ್ತಾರೆ. ಸಿಸ್ಟರ್ ಒಂದು ಮಿಲಿಗ್ರಾಂ ಆಂಪೂಲಿನ ಕತ್ತು ಮುರಿದು ಸಿರಿಂಜಿಗೆ ಎಳೆದು ಡ್ರಿಪ್ಪಿನ ದಾರಿಯಲ್ಲಿ ಕೊಡುತ್ತಾರೆ. ಅದರ ಹಿಂದೆಯೇ 20 ಮಿಲಿ ಸಲೈನ್ ತಳ್ಳಿ, ಔಷಧ ಹೃದಯದ ಕಡೆಗೆ ಇಳಿಯಲೆಂದು ರೋಗಿಯ ಕೈಯನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ. "ಮೂರನೆಯ ಅಡ್ರಿನಾಲಿನ್ ಹೋಯಿತು" ಎಂದು ಕೂಗಿ ಹೇಳುತ್ತಾರೆ. ಕಾಗದ ಹುಡುಕಲು ಪುರಸೊತ್ತಿರುವುದಿಲ್ಲ, ಹೊತ್ತನ್ನು ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಾರೆ. ನಿಮ್ಮ ತಂದೆಯ ಶೀಟಿನಲ್ಲಿ 9.54ರಿಂದ 10.22ರವರೆಗೆ ನಾಲ್ಕು ನಾಲ್ಕು ನಿಮಿಷಕ್ಕೆ ಒಂದೊಂದರಂತೆ ಎಂಟು ಬಾರಿ ನಮೂದಾಗಿದೆ. ಮೂರರಿಂದ ಐದು ನಿಮಿಷಕ್ಕೊಮ್ಮೆ ಎನ್ನುವುದು ನಿಯಮ. ಇಷ್ಟು ನೇರವಾದ ದಾಖಲೆ ಇದೆ ಎಂದರೆ ಅಲ್ಲಿ ಯಾರೋ ಗಡಿಯಾರದ ಮೇಲೆ ಕಣ್ಣಿಟ್ಟು ನಿಂತಿದ್ದರು ಎಂದು ಅರ್ಥ.

ಈಗ ಹೇಳಲು ಕಷ್ಟವಾದ ಮಾತು. ಈ ಅಡ್ರಿನಾಲಿನ್ನೇ ಎಷ್ಟು ಮಂದಿಯನ್ನು ಉಳಿಸುತ್ತದೆ? ದಶಕಗಟ್ಟಲೆ ನಮಗೆ ಸರಿಯಾದ ಉತ್ತರ ಇರಲಿಲ್ಲ. ಉತ್ತರ ಬೇಕಾದರೆ ಅರ್ಧ ರೋಗಿಗಳಿಗೆ ಅಡ್ರಿನಾಲಿನ್, ಇನ್ನರ್ಧಕ್ಕೆ ಬರೀ ಉಪ್ಪುನೀರು ಕೊಟ್ಟು ನೋಡಬೇಕು. ಅದಕ್ಕೆ ಯಾರಿಗೆ ಧೈರ್ಯ ಬಂದೀತು? ಆಸ್ಟ್ರೇಲಿಯದಲ್ಲಿ ಶುರುವಾದ ಇಂಥ ಅಧ್ಯಯನದಿಂದ ಒಂದೊಂದೇ ಆಂಬುಲೆನ್ಸ್ ಸೇವೆಗಳು ಹಿಂದೆ ಸರಿದು, ಕೊನೆಗೆ ಪರ್ತ್ ಕಡೆಯ ಐನೂರು ಚಿಲ್ಲರೆ ರೋಗಿಗಳ ಲೆಕ್ಕವಷ್ಟೇ ಉಳಿಯಿತು. ಬ್ರಿಟನ್ನಿನವರು ಹಟ ಹಿಡಿದು ಮಾಡಿ ಮುಗಿಸಿದರು. ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಡ್ರಿನಾಲಿನ್ ಪಡೆದವರಲ್ಲಿ ನೂರಕ್ಕೆ 36 ಮಂದಿಗೆ ನಾಡಿ ಮರಳಿತು. ಉಪ್ಪುನೀರು ಪಡೆದವರಲ್ಲಿ ಸುಮಾರು 12 ಮಂದಿಗೆ ಮಾತ್ರ. ಇದನ್ನು ಇಲ್ಲಿಗೇ ನಿಲ್ಲಿಸಿದರೆ ಮೂರು ಪಟ್ಟು ಗೆಲುವು. ಆದರೆ 30 ದಿನಗಳ ನಂತರ ಬದುಕಿದ್ದವರು ನೂರಕ್ಕೆ 3.2 ಮತ್ತು 2.4. ಸಾವಿರ ಮಂದಿಗೆ ಕೊಟ್ಟರೆ ಎಂಟು ಮಂದಿ ಹೆಚ್ಚು ಉಳಿಯುತ್ತಾರೆ. ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಮಿದುಳು ಚೆನ್ನಾಗಿ ಉಳಿದು ಮನೆಗೆ ಹೋದವರು 2.2 ಮತ್ತು 1.9, ಅಂದರೆ ಹೆಚ್ಚುಕಡಿಮೆ ಒಂದೇ. ಉಳಿದವರಲ್ಲಿ ಮಿದುಳಿಗೆ ತೀವ್ರ ಹಾನಿಯಾಗಿದ್ದವರ ಪ್ರಮಾಣ ಅಡ್ರಿನಾಲಿನ್ ಗುಂಪಿನಲ್ಲಿ ನೂರಕ್ಕೆ 31, ಇನ್ನೊಂದರಲ್ಲಿ ಸುಮಾರು 18.

ಈ ಅಂಕಿಗಳನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ವರ್ಷ ನಾಡಿ ಮರಳಿದ ಪ್ರತಿ ಸಲವೂ ಗೆದ್ದೆವೆಂದು ಹಿಗ್ಗಿದ್ದೆವು. ವಾರ್ಡಿಗೆ ಹೋದ ಮೇಲೆ ಅವರೆಲ್ಲ ಏನಾದರು ಎಂದು ಅಷ್ಟೇ ಶ್ರದ್ಧೆಯಿಂದ ಕೇಳಿರಲಿಲ್ಲ. ಹೃದಯ ಮಿದುಳಿಗಿಂತ ಗಟ್ಟಿ ಜೀವ. ರಕ್ತ ನಿಂತ ನಾಲ್ಕೈದು ನಿಮಿಷಕ್ಕೇ ಮಿದುಳಿನ ಕೋಶಗಳು ನಲುಗತೊಡಗುತ್ತವೆ. ಅಡ್ರಿನಾಲಿನ್ ದೊಡ್ಡ ನಾಳಗಳಲ್ಲಿ ಒತ್ತಡ ಏರಿಸಿದರೂ ಮಿದುಳಿನ ಕೂದಲೆಳೆಯಂಥ ಸಣ್ಣ ನಾಳಗಳಲ್ಲಿ ಹರಿವನ್ನು ಕಡಿಮೆ ಮಾಡಬಹುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮೇಲಾಗಿ ಅದು ದಣಿದ ಹೃದಯದ ಆಮ್ಲಜನಕದ ಹಸಿವನ್ನು ಹೆಚ್ಚಿಸುತ್ತದೆ, ಲಯ ತಪ್ಪಿಸುತ್ತದೆ. ನಿಮ್ಮ ತಂದೆಗೆ 10.12ಕ್ಕೆ ಬಂದ ವಿಎಫ್‌ನಲ್ಲಿಯೂ ಅದರ ಪಾಲು ಇದ್ದಿರಬಹುದು. ಹಾಗಾದರೆ ಹೆಚ್ಚು ಕೊಟ್ಟರೆ ಹೇಗೆ? 1990ರ ದಶಕದಲ್ಲಿ ಒಂದರ ಬದಲು ಐದು, ಹತ್ತು ಮಿಲಿಗ್ರಾಂ ಕೊಟ್ಟೂ ನೋಡಿದರು. ನಾಡಿ ಮರಳಿದವರು ಕೆಲವೆಡೆ ಹೆಚ್ಚಾದರು, ಮನೆಗೆ ಹೋದವರು ಹೆಚ್ಚಲಿಲ್ಲ.

ಆದರೂ ನಾವು ಅಡ್ರಿನಾಲಿನ್ ಕೊಡುತ್ತೇವೆ. ನಾನೂ ಕೊಡುತ್ತೇನೆ, ನಾಳೆಯೂ ಕೊಡುತ್ತೇನೆ. ಆ ಬ್ರಿಟಿಷ್ ಅಧ್ಯಯನದಲ್ಲಿ ಕರೆ ಬಂದು ಔಷಧ ಒಳಗೆ ಹೋಗುವ ಹೊತ್ತಿಗೆ ಸುಮಾರು 21 ನಿಮಿಷ ಕಳೆದಿತ್ತು. ಆಸ್ಪತ್ರೆಯ ಒಳಗೇ ಹೃದಯ ನಿಂತವರಿಗೆ ಎರಡು ಮೂರು ನಿಮಿಷದಲ್ಲಿ ಕೊಡುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಸಾವಿರಕ್ಕೆ ಎಂಟು ಜೀವ ಸಣ್ಣದೂ ಅಲ್ಲ.

ಉಳಿದ ಔಷಧಗಳ ವಿಷಯ ಬೇಗ ಹೇಳುತ್ತೇನೆ. ವ್ಯಾಸೊಪ್ರೆಸಿನ್ ಕೂಡ ನಾಳ ಬಿಗಿಯುವ ಔಷಧವೇ. 2000ದ ದಶಕದಲ್ಲಿ ಅದರ ಮೇಲೆ ನಮಗೆಲ್ಲ ಬಹಳ ಆಸೆ ಇತ್ತು. ಯುರೋಪಿನ ದೊಡ್ಡ ಅಧ್ಯಯನಗಳಲ್ಲಿ ಅಡ್ರಿನಾಲಿನ್ನಿಗಿಂತ ಮೇಲೆಂದು ತೋರಲಿಲ್ಲ, ಎರಡನ್ನೂ ಸೇರಿಸಿದರೂ ಲಾಭ ಕಾಣಲಿಲ್ಲ. 2015ರಲ್ಲಿ ಅಮೆರಿಕದ ಮಾರ್ಗಸೂಚಿಯ ಪಟ್ಟಿಯಿಂದಲೇ ಅದನ್ನು ತೆಗೆದರು. ಅದು ನಿಮ್ಮ ಊರಿನ ಆಸ್ಪತ್ರೆಯಲ್ಲಿ ಇಲ್ಲದಿದ್ದುದರಿಂದ ಯಾರಿಗೂ ನಷ್ಟವಾಗಿಲ್ಲ.

ಕ್ಯಾಲ್ಸಿಯಂ ಬಗ್ಗೆ ನಿಮ್ಮ ಚಿಕ್ಕಪ್ಪನ ಮಗಳಿಗೆ ಒಂದು ಮಾತು ಅವಶ್ಯ ಹೇಳಿ. ಹೃದಯದ ಸ್ನಾಯು ಕುಗ್ಗಲು ಕ್ಯಾಲ್ಸಿಯಂ ಬೇಕು, ಆದ್ದರಿಂದ ಕೊಟ್ಟರೆ ಒಳ್ಳೆಯದೇ ಎಂಬ ತರ್ಕ ಬಹಳ ಕಾಲ ನಡೆದುಬಂತು. ಡೆನ್ಮಾರ್ಕಿನಲ್ಲಿ 391 ರೋಗಿಗಳ ಮೇಲೆ ಪರೀಕ್ಷಿಸಿದಾಗ ಕ್ಯಾಲ್ಸಿಯಂ ಪಡೆದವರಲ್ಲಿ ನೂರಕ್ಕೆ 19 ಮಂದಿಗೆ, ಸಲೈನ್ ಪಡೆದವರಲ್ಲಿ 27 ಮಂದಿಗೆ ನಾಡಿ ಮರಳಿತು. ಕೇಡಾಗಬಹುದೆಂಬ ಅಂಜಿಕೆಯಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿ 2021ರಲ್ಲಿ ಪ್ರಕಟಿಸಿದರು. ಡಯಾಲಿಸಿಸ್ ತಪ್ಪಿಸಿಕೊಂಡು ಪೊಟ್ಯಾಸಿಯಂ ಏರಿದವರಿಗೆ ಅದು ಜೀವ ಉಳಿಸುವ ಔಷಧ, ಸಂಶಯವಿಲ್ಲ. ನಿಮ್ಮ ತಂದೆಗೆ ಕಿಡ್ನಿ ತೊಂದರೆ ಇರಲಿಲ್ಲ. ಕೊಡದಿದ್ದುದೇ ಸರಿ.

ಬೈಕಾರ್ಬನೇಟಿನ ಕಥೆಯೂ ಹಾಗೆಯೇ: ಪೊಟ್ಯಾಸಿಯಂ ಏರಿದವರಿಗೆ, ಖಿನ್ನತೆಯ ಕೆಲವು ಹಳೆಯ ಮಾತ್ರೆಗಳನ್ನು ಹೆಚ್ಚು ನುಂಗಿದವರಿಗೆ ಬೇಕು, ಎಲ್ಲರಿಗೂ ಬೇಡ. ನಾನು ಕೊಡುತ್ತಿರಲಿಲ್ಲ ಎಂದದ್ದು ಅದಕ್ಕೇ. ಅವರು ಕೊಟ್ಟ ಒಂದು ಡೋಸಿನಿಂದ ಫಲಿತಾಂಶ ಬದಲಾಯಿತೆಂದು ನಾನು ನಂಬುವುದಿಲ್ಲ. ಅರ್ಧ ಗಂಟೆ ಕಳೆದರೂ ಹೃದಯ ಜಗ್ಗದಿದ್ದಾಗ, ಇನ್ನೇನಾದರೂ ಮಾಡಲೇಬೇಕು ಎಂದು ಕೈ ತಡಕಾಡುತ್ತದೆ. ಆ ಸಾಲಿನಲ್ಲಿ ನನಗೆ ಕಂಡದ್ದು ಅದು. ಅಟ್ರೋಪಿನ್ ನಮ್ಮ ಕಡೆ ಕೀಟನಾಶಕ ಕುಡಿದವರನ್ನು ಉಳಿಸಿಕೊಳ್ಳಲು ಸೀಸೆಗಟ್ಟಲೆ ಬೇಕಾಗುವ ಔಷಧ. ಹೃದಯ ಸ್ತಂಭನದ ಪಟ್ಟಿಯಿಂದ ಅದು 2010ರಲ್ಲಿಯೇ ಹೊರಗೆ ಹೋಯಿತು.

ಊರಿನವರು ಹೇಳುವ ದುಬಾರಿ ಇಂಜೆಕ್ಷನ್ ಟೆನೆಕ್ಟೆಪ್ಲೇಸ್. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತವಾಗಿ ಬರುವುದು ಇದು. ಯೋಜನೆ ನಿಜವಾಗಿಯೂ ಒಳ್ಳೆಯದು. ಆದರೆ ಇಲ್ಲಿ ಎರಡು ಬೇರೆ ಕಾಯಿಲೆಗಳು ಒಂದಾಗಿಬಿಟ್ಟಿವೆ. ಹೃದಯಾಘಾತವೆಂದರೆ ಹೃದಯದ ನಾಳದಲ್ಲಿ ಹೆಪ್ಪುಗಟ್ಟುವುದು. ರೋಗಿಗೆ ಎದೆನೋವು ಇರುತ್ತದೆ, ಬೆವರು ಇರುತ್ತದೆ, ನಾಡಿಯೂ ಇರುತ್ತದೆ. ಇಸಿಜಿಯಲ್ಲಿ ಅದು ಖಚಿತವಾದರೆ ಹೆಪ್ಪನ್ನು ಕರಗಿಸುವ ಈ ಇಂಜೆಕ್ಷನ್ ಕೊಡುತ್ತಾರೆ, ಮಿದುಳಿನಲ್ಲಿ ರಕ್ತಸ್ರಾವವಾಗುವ ಸಣ್ಣ ಅಪಾಯವನ್ನು ತೂಗಿ ನೋಡಿಯೇ. ಹೃದಯ ಸ್ತಂಭನವೆಂದರೆ ಹೃದಯವೇ ನಿಲ್ಲುವುದು. ಹೃದಯಾಘಾತದಿಂದ ಸ್ತಂಭನ ಆಗಬಹುದು. ಹಾಗೆಂದು ನಿಂತ ಹೃದಯಕ್ಕೆ ಟೆನೆಕ್ಟೆಪ್ಲೇಸ್ ಕೊಟ್ಟು ಓಡಿಸಲಾಗುವುದಿಲ್ಲ. ಸಾವಿರ ಮಂದಿಯ ಮೇಲೆ ಅದನ್ನೂ ಪರೀಕ್ಷಿಸಿದ್ದಾರೆ, 2008ರಲ್ಲಿ ಫಲಿತಾಂಶ ಬಂತು, ಉಪಯೋಗ ಕಾಣಲಿಲ್ಲ. ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಎಂಬ ಬಲವಾದ ಅನುಮಾನ ಇದ್ದಾಗ ಮಾತ್ರ ನಾವು ಅದನ್ನು ಯೋಚಿಸುತ್ತೇವೆ.

ನೀವು ಕೇಳದಿದ್ದರೂ ಹಲವರು ಕೇಳುವುದರಿಂದ ಇದನ್ನೂ ಸೇರಿಸುತ್ತೇನೆ: ಹೃದಯಕ್ಕೇ ನೇರವಾಗಿ ಸೂಜಿ ಚುಚ್ಚುವ ಪದ್ಧತಿಯನ್ನು ಕೈಬಿಟ್ಟು ದಶಕಗಳಾದವು. ಸೂಜಿ ಶ್ವಾಸಕೋಶವನ್ನು ತೂತು ಮಾಡಬಹುದು, ಹೃದಯದ ನಾಳವನ್ನು ಹರಿಯಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಅಷ್ಟು ಹೊತ್ತು ಎದೆ ಒತ್ತುವುದು ನಿಲ್ಲುತ್ತದೆ. ಕೈಯ ಡ್ರಿಪ್ ಸಾಕು, ನಾಳ ಸಿಗದಿದ್ದರೆ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸೂಜಿ ಕೂರಿಸಿದರೂ ಸಾಕು.

ಇಷ್ಟೆಲ್ಲ ಔಷಧಗಳನ್ನು ಪಕ್ಕಪಕ್ಕ ಇಟ್ಟು ತೂಗಿದರೆ ಒಂದರಿಂದ ಇನ್ನೊಂದಕ್ಕೆ ಇರುವ ವ್ಯತ್ಯಾಸ ನೂರಕ್ಕೆ ಒಂದೋ ಮೂರೋ. ಹೃದಯ ನಿಂತ ಕೂಡಲೇ ಯಾರಾದರೂ ಎದೆ ಒತ್ತಲು ಶುರುಮಾಡುವುದಕ್ಕೂ ಮಾಡದಿರುವುದಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು. ವಿಎಫ್ ಇದ್ದವರಲ್ಲಿ ಒತ್ತದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತದೆ ಎಂಬುದು ನಾವು ಪಾಠ ಹೇಳುವಾಗ ಮೊದಲು ಹೇಳುವ ಲೆಕ್ಕ. ನಿಮ್ಮ ತಂದೆ ಕುಸಿದಾಗ ಆ ಹೃದಯ ಬಹುಶಃ ಅದುರುತ್ತಿತ್ತು. ಹಠಾತ್ತನೆ ಮಾತಿಲ್ಲದೆ ಬೀಳುವವರಲ್ಲಿ ಹಾಗಿರುವುದು ಸಾಮಾನ್ಯ. ನಲವತ್ತು ನಿಮಿಷದ ನಂತರ ಮಾನಿಟರ್ ಹಚ್ಚುವಾಗ ಅದು ನೇರ ಗೆರೆಯಾಗಿತ್ತು. ಆ ಗೆರೆಯನ್ನು ತಿರುಗಿಸುವ ಔಷಧ ತಾಲ್ಲೂಕಿನಲ್ಲಿಯೂ ಇಲ್ಲ, ಬೆಂಗಳೂರಿನಲ್ಲಿಯೂ ಇಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿದ್ದರೆ ದಾರಿಯಲ್ಲಿ ಇನ್ನಷ್ಟು ಹೊತ್ತು ಕಳೆಯುತ್ತಿತ್ತು, ಅಷ್ಟೇ.

ಇದನ್ನು ಬರೆಯುವಾಗ ನಿಮ್ಮ ತಮ್ಮ ಕಣ್ಣ ಮುಂದೆ ಇದ್ದಾನೆ. ಈ ಲೆಕ್ಕ ಅವನ ಮೇಲೆ ಹೊರೆಯಾಗಬಾರದು. ಎದೆ ಒತ್ತುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಶಾಲೆಯಲ್ಲಿ ಕಲಿಸಲಿಲ್ಲ, ಡ್ರೈವಿಂಗ್ ಲೈಸೆನ್ಸ್ ಕೊಡುವಾಗ ಕಲಿಸಲಿಲ್ಲ, ನಾವು ವೈದ್ಯರು ಹಳ್ಳಿಗೆ ಬಂದು ಕಲಿಸಲಿಲ್ಲ. ಗೊತ್ತಿದ್ದುದರಲ್ಲಿ ಒಳ್ಳೆಯದನ್ನೇ ಮಾಡಿದ, ಮಲೆನಾಡಿನ ತಿರುವುಗಳಲ್ಲಿ 24 ಕಿಲೋಮೀಟರನ್ನು ಜೀವ ಹಿಡಿದುಕೊಂಡು ಓಡಿಸಿದ. ಎದೆ ಒತ್ತಿದ್ದರೂ ಹತ್ತಿರದಲ್ಲಿ ಶಾಕ್ ಕೊಡುವ ಯಂತ್ರವಿಲ್ಲದೆ ನಲವತ್ತು ನಿಮಿಷ ಕಳೆದ ಮೇಲೆ ಉಳಿಯುವವರು ಬಹಳ ವಿರಳ. ಇದು ಅವನನ್ನು ಸಮಾಧಾನ ಮಾಡಲು ಹೇಳುವ ಮಾತಲ್ಲ. ದಯವಿಟ್ಟು ಈ ಭಾಗವನ್ನು ಅವನಿಗೆ ಓದಿ ಹೇಳಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅಡ್ರಿನಾಲಿನ್ ಮನೆಯಲ್ಲಿ ಇಡಬೇಡಿ. ಎದೆನೋವಿರುವ, ನಾಡಿ ಇರುವ ಮನುಷ್ಯರಿಗೆ ಗಾಬರಿಯಲ್ಲಿ ಅದನ್ನು ಚುಚ್ಚಿದರೆ ಹೃದಯಾಘಾತ ಉಲ್ಬಣಿಸಬಹುದು, ನೀವು ಯಾವುದಕ್ಕೆ ಹೆದರುತ್ತೀರೋ ಅದೇ ವಿಎಫ್ ಬರಬಹುದು. ಜೇನು ಕಚ್ಚಿ ಅಥವಾ ಔಷಧ ಒಗ್ಗದೆ ಉಸಿರು ಕಟ್ಟಿದಾಗ ತೊಡೆಗೆ ಕೊಡುವ ಅಡ್ರಿನಾಲಿನ್ ಬೇರೆಯೇ ವಿಷಯ, ಅಲ್ಲಿ ಅದಕ್ಕೆ ಸಮನಾದ ಔಷಧ ಇನ್ನೊಂದಿಲ್ಲ. ಹೃದಯಕ್ಕೆಂದು ಮನೆಯಲ್ಲಿ ಅದು ಬೇಡ. ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಅಮ್ಮನ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ, ಕೂರಿಸಿ ಕೊಡಿ. ಬಿಪಿ ಇಳಿದು ತಲೆ ಸುತ್ತಿ ಬೀಳುವುದುಂಟು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಹೃದಯ ನಿಲ್ಲುವಾಗ ಜೋರಾಗಿ ಕೆಮ್ಮಿದರೆ ಬದುಕಬಹುದು, ಬೆರಳ ತುದಿಗೆ ಸೂಜಿ ಚುಚ್ಚಿದರೆ ಸರಿಹೋಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಿಬಿಡಿ. ಹೃದಯ ನಿಂತವರಿಗೆ ಕೆಮ್ಮುವಷ್ಟು ಪ್ರಜ್ಞೆಯೇ ಇರುವುದಿಲ್ಲ.

ಈ ವಾರವೇ ಅಮ್ಮನಿಗೆ ಇಸಿಜಿ ಮತ್ತು ಎಕೋ ಮಾಡಿಸಿ. ಎದೆನೋವು ನಡೆದಾಗ ಬಂದು ನಿಂತಾಗ ಹೋಗುತ್ತದೆಯೇ, ಸುಮ್ಮನೆ ಕುಳಿತಾಗಲೂ ಬರುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ಹೇಳಿ, ಎರಡನೆಯದಾದರೆ ತಡ ಮಾಡಬೇಡಿ. ಅಪ್ಪ 61ಕ್ಕೆ ಹೋದರು ಎಂದ ಮೇಲೆ ನೀವೂ ತಮ್ಮನೂ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿಕೊಳ್ಳುವುದು ಒಳ್ಳೆಯದು. ಎದೆನೋವು 15 ನಿಮಿಷಕ್ಕೂ ಇಳಿಯದೆ ಬೆವರು ಬಂದರೆ ಇಸಿಜಿ ಎಲ್ಲಿ ಬೇಗ ಸಿಗುತ್ತದೋ ಅಲ್ಲಿಗೆ ಹೊರಡಿ. ಆಗ ನಿಮ್ಮ ಜೀಪು ಸರಿಯಾದ ಸಾಧನ, ಆಗ ಆ ದುಬಾರಿ ಇಂಜೆಕ್ಷನ್ ಕೂಡ ಸರಿಯಾದ ಔಷಧ.

ಯಾರಾದರೂ ಕುಸಿದು, ಅಲುಗಿಸಿದರೂ ಏಳದೆ, ಉಸಿರಾಡದೆ ಅಥವಾ ಬರೀ ಏದುಸಿರಿನಂತೆ ಗೊರಗುಟ್ಟುತ್ತಿದ್ದರೆ ಗಾಡಿಗೆ ಎತ್ತಿ ಹಾಕಬೇಡಿ. ಗಟ್ಟಿ ನೆಲದ ಮೇಲೆ ಮಲಗಿಸಿ, 108ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಿ, ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದಿಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುತ್ತಲೇ ಇರಿ. ಬಾಯಿಂದ ಉಸಿರು ಕೊಡಲು ಬಾರದಿದ್ದರೆ ಬೇಡ, ಒತ್ತಿದರೆ ಸಾಕು. ಪಕ್ಕೆಲುಬು ಮುರಿದ ಸದ್ದು ಕೇಳಿದರೂ ನಿಲ್ಲಿಸಬೇಡಿ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಆಂಬುಲೆನ್ಸ್ ಬರುವುದೇ ಇಲ್ಲ ಎಂದು ಖಚಿತವಾದರೆ ಮಾತ್ರ ಗಾಡಿ. ಆಗಲೂ ಹಿಂದೆ ಇಬ್ಬರು ಕುಳಿತು ಒತ್ತುತ್ತಿರಬೇಕು, ಓಡುವ ಜೀಪಿನಲ್ಲಿ ಒತ್ತುವುದು ಅರ್ಧ ಫಲ ಎಂದು ಗೊತ್ತಿದ್ದೂ.

ಓದಿ ಇದನ್ನು ಕಲಿಯಲಾಗುವುದಿಲ್ಲ, ಗೊಂಬೆಯ ಎದೆ ಒತ್ತಿಯೇ ಕಲಿಯಬೇಕು. ಒಂದು ಗಂಟೆ ಸಾಕು. ಭಾರತೀಯ ಪುನಶ್ಚೇತನ ಪರಿಷತ್ತಿನ ತರಬೇತಿ ಪಡೆದ ಅರಿವಳಿಕೆ ತಜ್ಞರು ಈಗ ಹಲವು ಜಿಲ್ಲೆಗಳಲ್ಲಿ ಇದ್ದಾರೆ, ಜನಸಾಮಾನ್ಯರಿಗೆ ಬರೀ ಒತ್ತುವುದನ್ನು ಉಚಿತವಾಗಿ ಹೇಳಿಕೊಡುತ್ತಾರೆ. ಅಡಿಕೆ ಸುಲಿಯಲು ಸಂಜೆ ಹತ್ತು ಹದಿನೈದು ಮಂದಿ ಸೇರುವ ಹೊತ್ತಿಗೆ ನಿಮ್ಮ ಮನೆಯ ಅಂಗಳಕ್ಕೇ ಕರೆಸಿಕೊಳ್ಳಿ. ಜಿಲ್ಲೆಯಲ್ಲಿ ಯಾರೂ ಸಿಗದಿದ್ದರೆ ನನಗೆ ಬರೆಯಿರಿ, ಗೊಂಬೆ ತೆಗೆದುಕೊಂಡು ನಾನೇ ಬರುತ್ತೇನೆ. ಮೊದಲು ಒತ್ತುವವನು ನಿಮ್ಮ ತಮ್ಮನಾಗಲಿ.